ಪರದೇಶ ಮತ್ಸ್ಯಕಾಸಾರ ಕ್ರಯ ಮೀಮಾಂಸೆ

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಇಂಗ್ಲೆಂಡಿನ ನಡುವಯಸ್ಸಿನ ಗಂಡಸೊಬ್ಬ ಫ್ರಾನ್ಸಿನಲ್ಲಿ ಮೀನುಕೆರೆಯೊಂದನ್ನು ಕೊಂಡು, ಅಲ್ಲಿ ಗಾಳ ಹಾಕಲು ಬರುವ ಇಂಗ್ಲೆಂಡಿನದೇ ನಡುವಯಸ್ಸಿನ ಗಂಡಸರಿಂದ ವಾರಕ್ಕಿಷ್ಟು ಎಂದು ಬಾಡಿಗೆ ಪಡೆದು ಜೀವಿಸುವ ವಿದ್ಯಮಾನವನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಿಷಯದಲ್ಲಿ ಕನ್ನಡದಲ್ಲಿ ಯಾರೂ ಸಂಶೋಧನೆ ಮಾಡಿದಂತಿಲ್ಲ. ಯಾರಿಗೂ ಬೇಕಿರಲಿಲ್ಲ ಎಂಬುದೇ ಅದಕ್ಕೆ ಕಾರಣವಾದರೂ, ನಮ್ಮ ವಿಚಾರಸಂಕಿರಣಗಳ ರೂಢಿಯಂತೆ ಅದನ್ನು ‘ಗಂಭೀರ ಕೊರತೆ’ ಎಂದು ಕರೆದು ಮುಂದುವರಿಯಲಾಗಿದೆ.

ಪ್ರಬಂಧದ ಪ್ರಾಥಮಿಕ ಆಕರಗಳು ಕೆರೆ ಮಾರುವವರ ಜಾಹೀರಾತುಗಳು. ಇವು ಬಹುತೇಕ ಒಂದೇ ಛಂದಸ್ಸಿನಲ್ಲಿವೆ. ಮೊದಲು ಮಂಜು, ಆಮೇಲೆ ಮೌನ, ಕೊನೆಗೆ ‘ಜೀವನಶೈಲಿಯ ಹೂಡಿಕೆ’ ಎಂಬ ಪಲ್ಲವಿ. ಕೆರೆಯ ಮೀನುಗಳ ತೂಕ ಔನ್ಸಿನ ತನಕ ದಾಖಲಾಗಿರುತ್ತದೆ. ಏರಿ ಎಷ್ಟು ಹಳೆಯದು, ತೂಬು ಏಳುತ್ತದೋ ಇಲ್ಲವೋ, ಹೂಳು ಎಷ್ಟಡಿ ನಿಂತಿದೆ ಎಂಬ ಮಾಹಿತಿ ಮಾತ್ರ ಲಭ್ಯವಾಗುವುದಿಲ್ಲ. ಇದು ಆಕರಗಳ ಮಿತಿ, ಪ್ರಬಂಧಕಾರನ ಹೊಣೆಯಲ್ಲ.

2. ಚಾರಿತ್ರಿಕ ಪರಿಪ್ರೇಕ್ಷ್ಯ

ಈ ಶಾಸ್ತ್ರದ ಮೂಲಪ್ರಮಾಣ 44 ಪೌಂಡ್. 1952ರ ಸೆಪ್ಟೆಂಬರಿನಲ್ಲಿ ರಿಚರ್ಡ್ ವಾಕರ್ ಎಂಬಾತ ಹೆರೆಫರ್ಡ್‌ಶೈರಿನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ ಅಷ್ಟು ತೂಕದ ಗೆಂಡೆಮೀನೊಂದನ್ನು ಹಿಡಿದ. ಹಿಡಿದವನು ಸಾರು ಮಾಡಲಿಲ್ಲ, ಲಂಡನ್ನಿನ ಮೃಗಾಲಯಕ್ಕೆ ಕೊಟ್ಟ. ಕ್ಲಾರಿಸ್ಸಾ ಎಂಬ ಹೆಸರು ಹೊತ್ತು ಅದು 1971ರವರೆಗೆ ಗಾಜಿನ ಹಿಂದೆ ಬದುಕಿತು. ಮೀನು ಆಹಾರವರ್ಗದಿಂದ ವ್ಯಕ್ತಿವರ್ಗಕ್ಕೆ ಪಲ್ಲಟಗೊಂಡ ಚಾರಿತ್ರಿಕ ಕ್ಷಣ ಇದೆಂದು ಯಾರಾದರೂ ಗುರುತಿಸಬೇಕು. ಯಾರೂ ಗುರುತಿಸದಿದ್ದರೆ ಇಗೋ, ಗುರುತಿಸಲಾಗಿದೆ.

1980ರಲ್ಲಿ ಅದೇ ಕೊಳದಲ್ಲಿ ಕ್ರಿಸ್ ಯೇಟ್ಸ್ 51 ಪೌಂಡ್ ದಾಟಿದ. ಅದೇ ಕಾಲಕ್ಕೆ ಲೆನ್ನಿ ಮಿಡಲ್ಟನ್, ಕೆವಿನ್ ಮ್ಯಾಡಕ್ಸ್ ಎಂಬಿಬ್ಬರು ತಲೆಗೂದಲಿನ ತುಂಡಿನಲ್ಲಿ ಎರೆಯನ್ನು ಕೊಕ್ಕೆಯ ಹೊರಗೆ ತೂಗುಬಿಡುವ ಉಪಾಯ ಕಂಡುಹಿಡಿದರು. ಗೆಂಡೆ ಎರೆಯನ್ನು ಹೀರುತ್ತದೆ, ಏನೋ ಸರಿಯಿಲ್ಲವೆನಿಸಿ ಉಗುಳುತ್ತದೆ, ಉಗುಳುವಾಗ ಬರಿಗೊಕ್ಕೆ ತುಟಿಗೆ ನಾಟುತ್ತದೆ. ಮೀನಿನ ಎಚ್ಚರಿಕೆಯನ್ನೇ ಮೀನಿನ ಮೇಲೆ ತಿರುಗಿಸಿದ ಈ ಒಂದು ಕೂದಲಿನ ಬಲದ ಮೇಲೆ ಇಡೀ ಉದ್ಯಮ ನಿಂತಿದೆ. ಆಮೇಲೆ ಕಣ್ಣು ಹೊರದೇಶಕ್ಕೆ ಹೊರಳಿತು. ದಕ್ಷಿಣ ಫ್ರಾನ್ಸಿನ ಸೇಂಟ್ ಕಾಸಿಯೆನ್ ಜಲಾಶಯ 1980ರ ದಶಕದ ಯಾತ್ರಾಸ್ಥಳವಾಯಿತು. 2010ರಲ್ಲಿ ದಿಜೋನ್ ಬಳಿಯ ಕೆರೆಯೊಂದರ ‘ಸ್ಕಾರ್’ ಎಂಬ ಗೆಂಡೆ 99 ಪೌಂಡ್ ತೂಗಿತು. 2022ರಲ್ಲಿ ಶಾಂಪೇನ್ ಪ್ರಾಂತ್ಯದ ಒಂದು ಕೆರೆಯಲ್ಲಿ ‘ಕ್ಯಾರೆಟ್’ ಎಂಬ ಕಿತ್ತಳೆ ಬಣ್ಣದ ಮಿಶ್ರತಳಿ 67 ಪೌಂಡ್ ತೂಗಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ಸುಮಾರು ಇಪ್ಪತ್ತು ವರ್ಷ ಮೊದಲು, ಗಿರಾಕಿಗಳಿಗೆ ಆಕರ್ಷಣೆಯಿರಲಿ ಎಂದೇ ಬಿಟ್ಟಿದ್ದರು.

(ಈ ಪಂಗಡದವರು 1970ರ ದಶಕದ ಕೊನೆಯಲ್ಲಿ ನಮ್ಮ ಕಾವೇರಿಗೂ ಬಂದು ಬಿಳಿಮೀನು ಹಿಡಿದು ಬಿಟ್ಟು ಹೋಗಿದ್ದುಂಟು. ಕೊಳ್ಳುವ ಮಾತೆತ್ತಲಿಲ್ಲ. ಆ ಹೊಳೆಗೆ ಹಕ್ಕುದಾರರು ಆಗಲೇ ಹೆಚ್ಚಾಗಿದ್ದರು.)

3. ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷ: ಇಂಗ್ಲೆಂಡಿನಲ್ಲೇ ಕೆರೆಗಳಿಲ್ಲವೇ? ಸಿದ್ಧಾಂತ: ಇವೆ, ಬೆಲೆ ಕೇಳಿದವರು ಫ್ರಾನ್ಸಿಗೆ ಹೋಗುತ್ತಾರೆ.

ಪೂರ್ವಪಕ್ಷ: ಫ್ರಾನ್ಸಿನ ಹೊಳೆಯಲ್ಲೇ ಗಾಳ ಹಾಕಬಹುದಲ್ಲ? ಸಿದ್ಧಾಂತ: ಅಲ್ಲಿನ ಸಾರ್ವಜನಿಕ ನೀರಿನಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ಗಾಳ ಎತ್ತಬೇಕು, ಗೆಂಡೆ ಹಿಡಿಯುವವರಿಗೆಂದು ಗೊತ್ತುಮಾಡಿದ ಕೆಲವು ಜಾಗಗಳಿಗೆ ಮಾತ್ರ ವಿನಾಯಿತಿ. ಹೊಳೆಯ ಸಂಪರ್ಕವಿಲ್ಲದ, ಮುಚ್ಚಿದ ನೀರೆಂದು ಕಾನೂನು ಒಪ್ಪಿದ ಖಾಸಗಿ ಕೆರೆಗೆ ಈ ನಿಯಮ ತಾಗುವುದಿಲ್ಲ. ಅಲ್ಲಿ ಶನಿವಾರದಿಂದ ಶನಿವಾರದವರೆಗೆ, ಹಗಲೂ ರಾತ್ರಿ, ಡೇರೆಯಲ್ಲಿ ಮಲಗಿ, ಎಚ್ಚರಿಸುವ ಯಂತ್ರ ಕುಯ್‌ಗುಟ್ಟಿದಾಗ ಎದ್ದು ಓಡಬಹುದು. ಅಂದರೆ ಮಾಲೀಕ ಮಾರುವುದು ರಾತ್ರಿಯನ್ನು. ಇಷ್ಟು ಹೇಳಲು ಜಾಹೀರಾತಿಗೆ ನಾಲ್ಕು ಪುಟ ಬೇಕಾಗುತ್ತದೆ.

4. ಕ್ರೇತೃಭೇದ ನಿರೂಪಣೆ

ಕೊಳ್ಳುವವರು ಒಂಬತ್ತು ವಿಧ.

(ಅ) ಸ್ವಪ್ನಕ್ರೇತೃ. ಗಾಳ ಹಾಕುವುದನ್ನು ಪ್ರೀತಿಸುವವನು ಗಾಳದ ವ್ಯಾಪಾರವನ್ನೂ ಪ್ರೀತಿಸುತ್ತಾನೆಂದು ನಂಬಿದವನು. ಕೆರೆ ಕೊಂಡ ಮೇಲೆ ಇವನಿಗೆ ಗಾಳ ಮುಟ್ಟಲು ಪುರಸೊತ್ತಿರುವುದಿಲ್ಲ.

(ಆ) ದಗ್ಧಸೇತು. ಊರ ಮನೆ ಮಾರಿ ಬಂದವನು. ಹಿಂದಿರುಗಿದರೆ ಅದೇ ಬೀದಿಯಲ್ಲಿ ಅವನಿಗೆ ಗ್ಯಾರೇಜೂ ಸಿಗದು.

(ಇ) ದಂಪತಿಕ್ರೇತೃ. ಇಲ್ಲಿ ಗಂಡನ ಕನಸಿಗೆ ಹೆಂಡತಿಯ ದುಡಿಮೆ ಅಡಮಾನ. ಶನಿವಾರ ಬೆಳಿಗ್ಗೆ ಹಳೆಯ ಗಿರಾಕಿಗಳು ಹೊರಟು ಮಧ್ಯಾಹ್ನ ಹೊಸಬರು ಬರುವ ನಡುವಿನ ಗಂಟೆಗಳಲ್ಲಿ ಕಕ್ಕಸು, ಹಾಸಿಗೆ, ಒಲೆ, ಎಲ್ಲ ತೊಳೆಯುವವಳು ಅವಳು. ಸಂಜೆ ಹನ್ನೆರಡು ಮಂದಿಗೆ ಬಡಿಸುವವಳೂ ಅವಳೇ. ಜಾಹೀರಾತಿನಲ್ಲಿ ಅವಳ ಹೆಸರು ‘ಕುಟುಂಬಸ್ನೇಹಿ ವಾತಾವರಣ’. ಕೊನೆಗೆ ಕೆರೆ ಮಾರಾಟಕ್ಕೆ ಬಂದಾಗ ಕಾರಣದ ಜಾಗದಲ್ಲಿ ‘ವೈಯಕ್ತಿಕ ಸನ್ನಿವೇಶ’ ಎಂದಿರುತ್ತದೆ.

ಉಳಿದ ಆರು ವಿಧಗಳು ಈ ಮೂರರಲ್ಲೇ ಅಡಗಿವೆ. ಭೇದಗಳ ಮೇಲೆ ಆಸಕ್ತಿಯಿರುವವರು ಎರಡು ದಿನಗಳ ರಾಷ್ಟ್ರೀಯ ವಿಚಾರಸಂಕಿರಣ ಏರ್ಪಡಿಸಿಕೊಳ್ಳಲಿ. ನಾವು ಬರುವುದಿಲ್ಲ.

5. ಕಾಗದಕಾಂಡ

ಫ್ರಾನ್ಸಿನಲ್ಲಿ ಆಸ್ತಿ ನೋಟೇರ್ ಎಂಬ ಅಧಿಕಾರಿಯ ಮುಂದೆ ಕೈಬದಲಾಗುತ್ತದೆ. ಹಳೆಯ ಆಸ್ತಿಯಾದರೆ ಖರ್ಚು ಬೆಲೆಯ 7ರಿಂದ 8%. ಕೃಷಿಭೂಮಿಯ ಮಾರಾಟದಲ್ಲಿ ಸಾಫೆರ್ ಎಂಬ ಸಂಸ್ಥೆಗೆ ಮೊದಲು ಕೊಳ್ಳುವ ಹಕ್ಕಿದೆ, ಕಾಯಬೇಕು. ಕೆರೆ ಕಾನೂನಿನ ಕಣ್ಣಿಗೆ ಕಾಣಿಸಿದೆಯೋ ಇಲ್ಲವೋ ನೋಡಬೇಕು. ಹಳ್ಳಕ್ಕೆ ಏರಿ ಹಾಕಿ ಮೀನಿಗೆಂದೇ ಕಟ್ಟಿದ ಕೆರೆ 1829ರ ಏಪ್ರಿಲ್ 15ಕ್ಕಿಂತ ಹಿಂದಿನದಾದರೆ ಅದಕ್ಕೊಂದು ವಿಶೇಷ ಸ್ಥಾನಮಾನ. ಆಗ ಇಂಗ್ಲೆಂಡಿನವನು ಮೀನಿನ ತೂಕ ಬಿಟ್ಟು ನೆಪೋಲಿಯನ್ ಕಾಲದ ನಕ್ಷೆ ಹುಡುಕುತ್ತ ಮುನಿಸಿಪಾಲಿಟಿಯಲ್ಲಿ ಕೂರುತ್ತಾನೆ. 1992ರ ಜಲಕಾಯಿದೆಯ ನಂತರದ ಕೆರೆಯಾದರೆ ಘೋಷಣೆ ಅಥವಾ ಅನುಮತಿ ಇರಲೇಬೇಕು. ಇಲ್ಲದ ಕೆರೆಯನ್ನು ಸಕ್ರಮ ಮಾಡಿಸುವ ಖರ್ಚು ಕೊಂಡವನದು. ಏರಿ ಒಡೆದು ಕೆಳಗಿನವರ ಹೊಲ ಕೊಚ್ಚಿದರೆ ಅದೂ ಅವನದು.

ಇದಕ್ಕೆಲ್ಲ ಕಳಶವಿಟ್ಟಂತೆ ಬ್ರೆಕ್ಸಿಟ್. 2021ರಿಂದ ಬ್ರಿಟಿಷ್ ಪಾಸ್‌ಪೋರ್ಟಿನವನು ವೀಸಾ ಇಲ್ಲದೆ ಪ್ರತಿ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು, ಅದೂ ಅತಿಥಿಯಾಗಿ. ತನ್ನದೇ ಕೆರೆಯ ದಂಡೆಯಲ್ಲಿ ದುಡಿಯಲು ಪರವಾನಗಿ ಬೇಕು. ಸ್ವಾತಂತ್ರ್ಯಕ್ಕೆಂದು ಬ್ರೆಕ್ಸಿಟ್‌ಗೆ ಮತ ಹಾಕಿದವರು ಗಿರಾಕಿಗಳಲ್ಲೂ ಇದ್ದಾರೆ, ಮಾಲೀಕರಲ್ಲೂ ಇದ್ದಾರೆ. ಇದರ ಮೇಲೆ ಭಾಷ್ಯ ಬರೆಯುವುದಿಲ್ಲ.

6. ಜಲತತ್ತ್ವ

ಈಗ ಪರಿಭಾಷೆ ಬಿಟ್ಟು ಮಾತಾಡಬೇಕು.

ಲಿಯಾನ್ ಸಮೀಪದ ದೊಂಬ್ ಸೀಮೆಯಲ್ಲಿ ಸಾವಿರದಷ್ಟು ಕೆರೆಗಳಿವೆ. ಮಧ್ಯಯುಗದಲ್ಲಿ ಸನ್ಯಾಸಿ ಮಠಗಳೂ ಜಮೀನ್ದಾರರೂ ಕಟ್ಟಿಸಿದವು. ಅಗೆದದ್ದು ಮಾತ್ರ ಹೆಸರಿಲ್ಲದ ಕೂಲಿಯವರು. ಅಲ್ಲೊಂದು ಕ್ರಮವಿದೆ: ಮೂರು ನಾಲ್ಕು ವರ್ಷ ನೀರು ನಿಲ್ಲಿಸಿ ಮೀನು ಸಾಕಿ, ತೂಬು ಎತ್ತಿ ಕೆರೆಯನ್ನು ಪೂರ್ತಿ ಬರಿದುಮಾಡಿ, ಗೆಂಡೆಗಳನ್ನು ಬಾಚಿ ಪೇಟೆಗೆ ಕಳಿಸಿ, ಒಂದು ವರ್ಷ ತಳದಲ್ಲಿ ಓಟ್ಸೋ ಮೆಕ್ಕೆಜೋಳವೋ ಬಿತ್ತುತ್ತಾರೆ. ಬಿಸಿಲು ಕಂಡ ಹೂಳು ಕೊಳೆಯುವುದನ್ನು ಬಿಟ್ಟು ಗೊಬ್ಬರವಾಗುತ್ತದೆ. ಮತ್ತೆ ನೀರು. ಕ್ರಾಂತಿಯ ಕಾಲದಲ್ಲಿ, 1793ರ ಡಿಸೆಂಬರಿನಲ್ಲಿ, ದೇಶದ ಕೆರೆಗಳನ್ನೆಲ್ಲ ಒಣಗಿಸಿ ಧಾನ್ಯ ಬೆಳೆಯಿರೆಂದು ಪ್ಯಾರಿಸ್ ಆಜ್ಞೆ ಹೊರಡಿಸಿತು. ಕೆರೆಯ ತಳದಲ್ಲಿ ಆಗಲೇ ಧಾನ್ಯ ಬೆಳೆಯುತ್ತಿದ್ದ ಜನಕ್ಕೆ ಈ ಉಪದೇಶ!

ಆ ಕೆರೆಗಳು ತುಂಬುವುದಕ್ಕೂ ಖಾಲಿಯಾಗುವುದಕ್ಕೂ ಕಟ್ಟಿದವು. ಜೀವನಶೈಲಿಯ ಹೂಡಿಕೆಗೆ ಖಾಲಿ ಮಾಡುವುದು ಆಗದ ಮಾತು. ಸಾವಿರಾರು ಪೌಂಡ್ ಬೆಲೆಯ, ಹೆಸರಿಟ್ಟ, ಮೂವತ್ತು ವರ್ಷದ ಮೀನನ್ನು ಬುಟ್ಟಿಗೆ ಬಾಚಲು ಯಾರಿಗೆ ಧೈರ್ಯ? ಹಾಗಾಗಿ ತೂಬು ತುಕ್ಕು ಹಿಡಿಯುತ್ತದೆ. ಗಿರಾಕಿಗಳು ವಾರವಾರ ಕಿಲೋಗಟ್ಟಲೆ ಎರೆಯುಂಡೆ ಸುರಿಯುತ್ತಾರೆ, ತಿಂದುಳಿದದ್ದು ತಳದಲ್ಲಿ ಕೊಳೆಯುತ್ತದೆ. ಜುಲೈ ಬಿಸಿಲಿಗೆ ನೀರು ಕಾಯುತ್ತದೆ. 10 ಡಿಗ್ರಿಯ ಲೀಟರು ನೀರು ಹಿಡಿಯಬಲ್ಲ ಆಮ್ಲಜನಕ ಸುಮಾರು 11 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಇರುಳೆಲ್ಲ ಪಾಚಿಯೂ ಹೂಳೂ ಅದನ್ನೂ ಹೀರಿ, ಬೆಳಗಿನ ಜಾವಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ಆ ಬಾಯಿಯನ್ನಾದರೂ ನೋಡಿದ್ದೀರಾ? ಮತ್ತೆ ಮತ್ತೆ ಕೊಕ್ಕೆ ಕಿತ್ತು ಹರಿದ ತುಟಿ, ಒಂದು ಕಡೆ ಗಂಟು. ಎತ್ತಿ, ಹಾಸಿಗೆಯ ಮೇಲೆ ಮಲಗಿಸಿ, ಗಾಯಕ್ಕೆ ಔಷಧ ಹಚ್ಚಿ, ತೂಗಿ, ಎದೆಗೊತ್ತಿ ಫೋಟೊ ತೆಗೆಸಿಕೊಂಡು, ನೀರಿಗೆ ಬಿಟ್ಟು, ಇದನ್ನು ಮೀನಿನ ಮೇಲಿನ ಗೌರವ ಎನ್ನುತ್ತಾರೆ. ಮುಂದಿನ ಶನಿವಾರ ಮತ್ತೊಬ್ಬನ ಗೌರವ. ಕೊಂದು ತಿನ್ನುವ ಬೆಸ್ತನನ್ನು ಕ್ರೂರಿ ಎನ್ನುವ ಈ ನಯಗಾರಿಕೆ ನನ್ನಿಂದ ಸಹಿಸಲಾಗದು. ಬೆಸ್ತ ಮೀನಿಗೆ ಒಂದು ಸಲ ನೋವು ಕೊಡುತ್ತಾನೆ, ಊರಿಗೆ ಊಟ ಕೊಡುತ್ತಾನೆ. ಶರತ್ಕಾಲದಲ್ಲಿ ಕೆರೆ ಬರಿದಾಗುವ ದಿನ ಊರ ಜನವೆಲ್ಲ ಏರಿಯ ಮೇಲೆ ನೆರೆಯುತ್ತಿತ್ತು. ಈಗ ಖಾಸಗಿಗೆ ಹೋದ ಕೆರೆಯ ಸುತ್ತ ನೀರುನಾಯಿ ನುಗ್ಗದಂತೆ ಬೇಲಿ. ಪಕ್ಕದ ಹಳ್ಳಿಯ ಹುಡುಗನೂ ಬೇಲಿಯಾಚೆಯೇ. ನೀರುಕಾಗೆ ಮಾತ್ರ ಆಕಾಶದಿಂದ ಇಳಿದು, ದಿನಕ್ಕೆ ಅರ್ಧ ಕಿಲೋದಷ್ಟು ಮರಿ ನುಂಗುತ್ತದೆ. ಅದಕ್ಕೆ ಯೂರೋಪಿನ ಕಾನೂನಿನ ರಕ್ಷಣೆಯಿದೆ.

ಏಳನೆಯ ಅಧ್ಯಾಯ ‘ಉಪಸಂಹಾರ ಮತ್ತು ಮುಂದಿನ ಅಧ್ಯಯನದ ಸಾಧ್ಯತೆಗಳು’ ಎಂದಿತ್ತು. ಬರೆಯುವ ಮನಸ್ಸಿಲ್ಲ. ಇಷ್ಟಾದ ಮೇಲೂ ಕೊಳ್ಳಲೇಬೇಕೆಂದು ಹೊರಟವರು ಆಗಸ್ಟಿನಲ್ಲಿ, ಗಾಳಿಯಾಡದ ದಿನ, ಬೆಳಕು ಹರಿಯುವ ಮುಂಚೆ ಕೆರೆಯ ಬಳಿ ಹೋಗಿ ನಿಲ್ಲಿ. ಮಾರುವವನು ಮೀನಿನ ಫೋಟೊ ತೆಗೆದರೆ ತೂಬು ಎತ್ತಿ ತೋರಿಸಲು ಹೇಳಿ. ಕೆರೆಯನ್ನು ಕೊನೆಯ ಸಲ ಬರಿದುಮಾಡಿದ್ದು ಯಾವ ವರ್ಷ ಎಂದು ಕೇಳಿ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಮುಂಗಡ ಕೊಡಬೇಡಿ.