ಇನ್ನೂ ಕೋರ್ಸ್ ನೋಡುತ್ತಿರುವ ಪೈಲಟ್

ಬ್ರಿಟನ್ನಿನಲ್ಲಿ ಪೈಲಟ್ ಆಗಹೊರಟವರಲ್ಲಿ ಒಂದು ಪಂಗಡವಿದೆ. ಇವರು ವಿಮಾನ ಹಾರಿಸುತ್ತಿಲ್ಲ, ಅದಕ್ಕಾಗಿ ಓದುತ್ತಲೂ ಇಲ್ಲ. ಯಾವ ಕೋರ್ಸಿಗೆ ಸೇರಿ ಓದಬೇಕು ಎಂದು ನೋಡುತ್ತಿದ್ದಾರೆ. ಈ ಪಂಗಡದವನಿಗೆ ಮೂವತ್ತರ ಆಸುಪಾಸು, ಹಗಲೆಲ್ಲ ಆಫೀಸು, ಕಿಸೆಯಲ್ಲಿ ಖಾಸಗಿ ಪೈಲಟ್ ಲೈಸೆನ್ಸ್. ಇಂಗ್ಲೆಂಡಿನವನೇ ಆಗಬೇಕೆಂದಿಲ್ಲ; ಸ್ಲೌನಲ್ಲಿ ಸಾಫ್ಟ್‌ವೇರ್ ಬರೆಯುವ ಹಾಸನದ ಹುಡುಗನೂ ಇರಬಹುದು. ಪೂರ್ಣಾವಧಿ ಶಾಲೆ ಸೇರಿದರೆ ಖರ್ಚು ಒಂದು ಲಕ್ಷ ಪೌಂಡ್ ದಾಟುತ್ತದೆ, ಕೆಲಸವನ್ನೂ ಬಿಡಬೇಕು. ಅದರ ಬದಲು ಸಂಬಳ ಬರುತ್ತಿರುವಾಗಲೇ ತರಬೇತಿಯನ್ನು ಕಂತುಕಂತಾಗಿ ಮುಗಿಸುವ ದಾರಿ ಹಿಡಿದಿದ್ದಾನೆ. ಆ ದಾರಿಯಲ್ಲಿ ಈಗ ಎದುರಾಗಿರುವುದು ಏರ್‌ಲೈನ್ ಪೈಲಟ್‌ಗಳ ಥಿಯರಿ ಪರೀಕ್ಷೆ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಓದಬಹುದು. ಇಲ್ಲಿಯವರೆಗೆ ನಡೆದದ್ದೆಲ್ಲ ಜಾಣತನವೇ. ಆಮೇಲೆ ಆತ ಒಂದು ಎಕ್ಸೆಲ್ ಹಾಳೆ ತೆರೆಯುತ್ತಾನೆ.

ಆ ಹಾಳೆಯ ಬಗ್ಗೆ ಮಾತಾಡುವಾಗ ಸ್ವಲ್ಪ ಗೌರವ ಇರಲಿ. ಒಂದು ಕಡೆ ಶಾಲೆಗಳ ಹೆಸರು, ಇನ್ನೊಂದು ಕಡೆ ಶುಲ್ಕ, ಪುಸ್ತಕ ಕಾಗದದ್ದೋ ಐಪ್ಯಾಡಿನದೋ, ವಿಡಿಯೊ ಪಾಠ ಎಷ್ಟು, ಖುದ್ದಾಗಿ ಹೋಗಿ ಕೂರಬೇಕಾದ ವಾರಗಳೆಷ್ಟು, ಗಾಳಿಯ ಲೆಕ್ಕ ಬಿಡಿಸುವ ಸಿಆರ್‌ಪಿ-5 ಎಂಬ ತಿರುಗುಚಕ್ರವನ್ನು ಪುಕ್ಕಟೆ ಕೊಡುತ್ತಾರೋ ಇಲ್ಲವೋ. ಮೆಚ್ಚಿದ್ದಕ್ಕೆ ಹಸಿರು, ಅನುಮಾನಕ್ಕೆ ಹಳದಿ. ಪ್ರತಿ ಶಾಲೆಯ ಮಾದರಿ ಪಾಠವನ್ನೂ ನೋಡಿ ಮುಗಿಸಿದ್ದಾನೆ. ಮಾದರಿಗೆಂದು ಹವಾಮಾನದ ಮೊದಲ ಅಧ್ಯಾಯ ಕೊಟ್ಟರಂತೂ ಮುಗಿಯಿತು: ವಾತಾವರಣದ ಪದರಗಳನ್ನು ಐದು ಜನ ಮೇಷ್ಟ್ರುಗಳಿಂದ ಐದು ಸಲ ಕೇಳಿರುತ್ತಾನೆ, ಮೋಡದ ಪಾಠದವರೆಗೆ ಒಮ್ಮೆಯೂ ಹೋಗಿರುವುದಿಲ್ಲ. ಮನೆಮನೆಯ ಉಪ್ಪಿಟ್ಟು ಕೇಸರಿಬಾತು ತಿಂದು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಎದ್ದುಬರುವ ವರನ ಜಾತಿಯೇ ಇದೂ. ಆದರೆ ಆ ವರನ ಪರವಾಗಿ ಒಂದು ಮಾತು ಹೇಳಬೇಕು. ಅವನು ನೋಡಿಬಂದ ಹುಡುಗಿಯರಲ್ಲಿ ಒಬ್ಬಳಂತೆ ಇನ್ನೊಬ್ಬಳಿರಲಿಲ್ಲ. ಇವನು ನೋಡುತ್ತಿರುವುದು ಬಹುಮಟ್ಟಿಗೆ ಒಬ್ಬಳೇ ಹುಡುಗಿಯನ್ನು. ಸೀರೆ ಮಾತ್ರ ಬೇರೆಬೇರೆ.

ಹಾಗೆ ಮಾಡಿಟ್ಟಿರುವುದು ಕಾನೂನು. ಯುರೋಪಿನ 1178/2011ನೇ ನಿಯಮಾವಳಿ ಪೈಲಟ್ ಕಲಿಯಬೇಕಾದದ್ದನ್ನೆಲ್ಲ ಗೆರೆ ಕೊರೆದು ಹೇಳುತ್ತದೆ. 2020ರ ಕೊನೆಗೆ ಯುರೋಪಿನ ವ್ಯವಸ್ಥೆಯಿಂದ ಹೊರಬಂದ ಬ್ರಿಟನ್ ಅದನ್ನೇ ತನ್ನದಾಗಿ ಇಟ್ಟುಕೊಂಡಿತು. ಖಾಸಗಿ ಲೈಸೆನ್ಸ್ ಇದ್ದವನಿಗೆ 650 ಗಂಟೆಗಳ ಪಾಠ. ದೂರಶಿಕ್ಷಣವಾದರೂ ಅದರಲ್ಲಿ ಹತ್ತನೇ ಒಂದು ಭಾಗ, ಅಂದರೆ 65 ಗಂಟೆ, ತರಗತಿಯಲ್ಲಿ ನಡೆಯಲೇಬೇಕು. ವಿಮಾನಯಾನ ಕಾನೂನಿನಿಂದ ರೇಡಿಯೊ ಸಂಭಾಷಣೆಯವರೆಗೆ 13 ವಿಷಯ, ಪ್ರತಿಯೊಂದರಲ್ಲೂ ಶೇಕಡಾ 75 ಅಂಕ ಬಂದರೆ ಪಾಸು. ಪ್ರಶ್ನೆಪತ್ರಿಕೆ ತೆಗೆಯುವುದು ಸರ್ಕಾರಿ ಪ್ರಾಧಿಕಾರ, ಶಾಲೆಯಲ್ಲ. ಬಿಳಿ ಕಟ್ಟಡದ ಶಾಲೆಯಲ್ಲಿ ಓದಿದವನಿಗೂ ಗೋದಾಮಿನ ಪಕ್ಕದ ಶಾಲೆಯಲ್ಲಿ ಓದಿದವನಿಗೂ ಜೆಟ್ ಎಂಜಿನ್ನಿನ ಪ್ರಶ್ನೆ ಒಂದೇ ಉಗ್ರಾಣದಿಂದ ಬರುತ್ತದೆ. ಇಷ್ಟೆಲ್ಲ ಒಂದೇ ಆಗಿರುವಾಗ ಆಯ್ಕೆ ಒಂದು ಸಂಜೆಯಲ್ಲಿ ಮುಗಿಯಬೇಕಿತ್ತಲ್ಲ ಎನ್ನಬಹುದು. ಮುಗಿಯದಿರುವುದಕ್ಕೆ ಕಾರಣವೂ ಅದೇ. ಒಂದು ಕೋರ್ಸು ಢಾಳಾಗಿ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ ಯಾರು ಬೇಕಾದರೂ ಆರಿಸಿಯಾರು. ಎಲ್ಲವೂ ಸರಿಸುಮಾರು ಒಂದೇ ತೂಕದ್ದಾದಾಗ ತಕ್ಕಡಿ ಯಾವ ಕಡೆಗೂ ವಾಲುವುದಿಲ್ಲ, ತೂಗುವವನಿಗೆ ಬಿಡುವೂ ಸಿಗುವುದಿಲ್ಲ.

ಆತನ ಬಳಿ ಉತ್ತರಗಳಿವೆ, ಕೇಳೋಣ. ದುಡ್ಡಿನ ವಿಷಯ, ದುಡುಕಬಾರದು ಎನ್ನುತ್ತಾನೆ. ಒಪ್ಪತಕ್ಕ ಮಾತು; ಥಿಯರಿ ಕೋರ್ಸಿಗೂ ಕೆಲವು ಸಾವಿರ ಪೌಂಡ್ ಎಣಿಸಬೇಕು. ಆದರೆ ಸಂಜೆ ಒಂದು ಗಂಟೆಯಂತೆ ಎಂಟು ತಿಂಗಳು ಶಾಲೆಗಳನ್ನು ಹೋಲಿಸಿದರೆ 240 ಗಂಟೆಯಾಯಿತು, ಓದಬೇಕಾದ 650ರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆ ಹೊತ್ತಿಗೆ ಎಕ್ಸೆಲ್ಲಿನಲ್ಲಿ ಕಾಲಂ ಇಲ್ಲ. ಬ್ರಿಟನ್ನಿನ ಲೈಸೆನ್ಸೋ ಯುರೋಪಿನದೋ, ಅದು ಹುಡುಗಾಟವೇ ಎಂದು ಎರಡನೇ ಬಾಣ ಬಿಡುತ್ತಾನೆ. ಖಂಡಿತ ಹುಡುಗಾಟವಲ್ಲ, ಎರಡೂ ಬೇಕೆಂದರೆ ಪರೀಕ್ಷೆಗಳೂ ಎರಡೆರಡು. ಆದರೆ ಅದನ್ನು ತೀರ್ಮಾನಿಸುವುದು ಪಾಸ್‌ಪೋರ್ಟು ಮತ್ತು ವೀಸಾ. ಎಲ್ಲಿ ದುಡಿಯುವ ಹಕ್ಕಿದೆಯೋ ಅಲ್ಲಿಯ ಲೈಸೆನ್ಸು. ಮಾದರಿ ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂರನೆಯದು ಆತನ ಬ್ರಹ್ಮಾಸ್ತ್ರ: ಮೊದಲ ಯತ್ನದಲ್ಲೇ ಪಾಸಾದವರ ಶೇಕಡಾವಾರು ಲೆಕ್ಕ. ಕೆಲಸ ಕೊಡುವ ಏರ್‌ಲೈನ್‌ಗಳು ಈ ಮೊದಲ ಯತ್ನವನ್ನು ವಿಚಾರಿಸುವುದುಂಟು, ಆದ್ದರಿಂದ ಆ ಅಂಕಿಯನ್ನು ಮೂರು ಬಣ್ಣಗಳಲ್ಲಿ ಬರೆದಿಟ್ಟಿದ್ದಾನೆ. ಆದರೆ ಶಾಲೆ ಶಿಫಾರಸು ಮಾಡದೆ ಯಾರೂ ಪರೀಕ್ಷೆಗೆ ಕೂರುವಂತಿಲ್ಲ. ಒಳಪರೀಕ್ಷೆಯಲ್ಲಿ ಎಡವಿದವನನ್ನು ‘ಇನ್ನೊಂದು ತಿಂಗಳು ಓದಿ ಬಾ’ ಎಂದು ತಡೆದಿಡುವ ಶಾಲೆಯ ಅಂಕಿ ತಾನಾಗಿಯೇ ಏರುತ್ತದೆ. ಅದರಿಂದ ಪಾಠ ಎಂಥದ್ದು ಎಂಬುದಕ್ಕಿಂತ ಬಾಗಿಲು ಎಷ್ಟು ಬಿಗಿ ಎಂಬುದು ಹೆಚ್ಚು ತಿಳಿಯುತ್ತದೆ.

ನಿಜವಾಗಿ ವ್ಯತ್ಯಾಸವಿರುವ ಜಾಗ ಒಂದಿದೆ, ಕಲಿಸುವ ಮನುಷ್ಯ. ತಿರುಗುವ ಗೈರೊಸ್ಕೋಪನ್ನು ಒಂದು ಕಡೆ ಒತ್ತಿದರೆ ಅದು ತಿರುಗುವ ದಿಕ್ಕಿನಲ್ಲಿ 90 ಡಿಗ್ರಿ ಮುಂದೆ ಹೋಗಿ ಬಾಗುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಲೆಗೆ ಹತ್ತದ ಈ ಸಂಗತಿಯನ್ನು ಒಳ್ಳೆಯ ಮೇಷ್ಟ್ರು ಸೈಕಲ್ಲಿನ ಚಕ್ರವೊಂದನ್ನು ಕೈಗೆ ಕೊಟ್ಟು ಎರಡು ನಿಮಿಷದಲ್ಲಿ ತಿಳಿಸಿಬಿಡಬಲ್ಲ. ರಾತ್ರಿ ಓದುತ್ತ ಸಿಕ್ಕಿಬಿದ್ದವನು ಪ್ರಶ್ನೆ ಕಳಿಸಿದರೆ ಯಾರು ಉತ್ತರಿಸುತ್ತಾರೆ, ಎಷ್ಟು ದಿನಕ್ಕೆ? ಇದನ್ನು ತಿಳಿಯಲು ಶಾಲೆಗೊಂದು ಫೋನ್ ಮಾಡಿದರೆ ಸಾಕು. ಅದೊಂದನ್ನು ಮಾತ್ರ ಆತ ಮಾಡುವುದಿಲ್ಲ. ಫೋನ್ ಮಾಡಿದರೆ ಅತ್ತಲಿನವರು ‘ಯಾವಾಗ ಸೇರ್ತೀರಿ?’ ಎಂದು ಕೇಳಿಬಿಡುತ್ತಾರಲ್ಲ!

ಹಾಗೆಂದು ಆತನನ್ನು ಸೋಮಾರಿ ಎನ್ನುವುದು ಅನ್ಯಾಯ. ಸೋಮಾರಿ ಇಷ್ಟು ದುಡಿಯುವುದಿಲ್ಲ. ಆತನ ಲೆಕ್ಕಾಚಾರ ಬೇರೆ ಇದೆ, ತಕ್ಕಮಟ್ಟಿಗೆ ಸರಿಯಾಗಿಯೂ ಇದೆ. ಮೊದಲ ಪರೀಕ್ಷೆ ಬರೆದ ತಿಂಗಳು ಮುಗಿಯುತ್ತಲೇ 18 ತಿಂಗಳ ಗಡಿಯಾರ ಓಡಲು ಶುರು. ಅಷ್ಟರಲ್ಲಿ ಎಲ್ಲ ವಿಷಯಗಳೂ ಮುಗಿಯಬೇಕು. ಒಂದು ವಿಷಯಕ್ಕೆ ನಾಲ್ಕೇ ಅವಕಾಶ. ನಾಲ್ಕನೆಯದೂ ತಪ್ಪಿತೋ, ಪಾಸಾದವನ್ನೂ ಸೇರಿಸಿ ಇಡೀ ಗಂಟು ಮತ್ತೆ ಮೊದಲಿನಿಂದ. ಎಲ್ಲ ದಾಟಿದವನಿಗೂ ಕಮರ್ಷಿಯಲ್ ಲೈಸೆನ್ಸ್ ಪಡೆಯಲು 36 ತಿಂಗಳ ಇನ್ನೊಂದು ಗಡಿಯಾರ ಕಾದಿದೆ. ಕೋರ್ಸ್ ಆರಿಸದವನಿಗೆ ಮಾತ್ರ ಯಾವ ಗಡಿಯಾರವೂ ಇಲ್ಲ. ಆತ ಯಾವ ವಿಷಯದಲ್ಲೂ ಫೇಲಾಗಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ‘ಏರ್‌ಲೈನ್ ಥಿಯರಿಗೆ ತಯಾರಿ ನಡೆದಿದೆ’ ಎನ್ನಬಹುದು, ಅದು ಸುಳ್ಳೂ ಅಲ್ಲ. ಪೈಲಟ್‌ಗಳಿಗೆ ನಿರ್ಧಾರ ಮಾಡುವ ಕ್ರಮವನ್ನೇ ಕಲಿಸುತ್ತಾರೆ, ಫೋರ್‌ಡೆಕ್ ಎಂದು ಅದಕ್ಕೆ ಹೆಸರು: ಸಂಗತಿ ತಿಳಿ, ದಾರಿಗಳನ್ನು ಎಣಿಸು, ಲಾಭ-ಅಪಾಯ ತೂಗು, ನಿರ್ಧರಿಸು, ಜಾರಿಗೆ ತಾ, ಮತ್ತೆ ಪರಿಶೀಲಿಸು. ಆತ ಮೊದಲ ಮೂರನ್ನು ಯಾವ ಕ್ಯಾಪ್ಟನ್‌ಗಿಂತಲೂ ಚೆನ್ನಾಗಿ ಮಾಡುತ್ತಾನೆ. ನಾಲ್ಕನೆಯದರ ಹೊಸ್ತಿಲಿಗೆ ಬಂದಾಗ ಯಾವುದೋ ಶಾಲೆ ಹೊಸ ವಿಡಿಯೊ ಸೇರಿಸಿರುತ್ತದೆ. ಸಂಗತಿ ಬದಲಾಯಿತಲ್ಲ, ಮತ್ತೆ ಮೊದಲಿನಿಂದ.

ಕೊನೆಗೊಮ್ಮೆ ಕೋರ್ಸು ಕೊಳ್ಳುವವರೂ ಇದ್ದಾರೆ, ಸಾಮಾನ್ಯವಾಗಿ ರಿಯಾಯಿತಿ ಮುಗಿಯುವ ರಾತ್ರಿ. ಪುಸ್ತಕಗಳು ಬರುತ್ತವೆ, ಲಾಗಿನ್ ಬರುತ್ತದೆ, ವಿಮಾನಯಾನ ಕಾನೂನಿನ ಪುಸ್ತಕ ತೆರೆದರೆ 1944ರ ಷಿಕಾಗೊ ಒಪ್ಪಂದ. ಅದನ್ನು ಅರ್ಧ ಓದುವಷ್ಟರಲ್ಲಿ ಆತನಿಗೆ ಹೊಳೆಯುತ್ತದೆ, ಅಭ್ಯಾಸಕ್ಕೆ ಪ್ರಶ್ನೆಕೋಶವೊಂದು ಬೇಕಲ್ಲ, ಅದಕ್ಕೆ ಬೇರೆ ಚಂದಾ ಕಟ್ಟಬೇಕಲ್ಲ. ಮಾರುಕಟ್ಟೆಯಲ್ಲಿ ಅಂಥವು ಹಲವಿವೆ. ಆತ ಎಕ್ಸೆಲ್ಲಿನಲ್ಲಿ ಎರಡನೇ ಹಾಳೆ ತೆರೆದಿದ್ದಾನೆ.