ಜಾಲವಾಚಕಸೇವಾ ಮೀಮಾಂಸೆ, ಅಥವಾ ತೊಗರಿಯ ಧಾರಣೆ ಎಲ್ಲಿದೆ?

ಮೊಬೈಲಿನ ಗಾಜಿನ ಮೇಲೆ ಬರೆಯುವ ಲೇಖಕನು ತನ್ನ ವಾಚಕನಿಗೆ ಸಲ್ಲಿಸಬೇಕಾದ ಸೇವೆ ಯಾವುದೆಂಬ ಪ್ರಶ್ನೆಯನ್ನು ಪ್ರಾಚೀನರು ವಿಚಾರಿಸಿಯೇ ಇಲ್ಲವೆಂದು ರಾಜಧಾನಿಯ ಪಂಡಿತರು ಭಾವಿಸಿರುವುದು, ಅವರು ಹುಮನಾಬಾದಿನ ನಿಲ್ದಾಣದಲ್ಲಿ ಕಲ್ಯಾಣದ ಬಸ್ಸಿಗಾಗಿ ಎಂದೂ ಕಾದವರಲ್ಲವೆಂಬುದಕ್ಕೆ ಮಾತ್ರ ಪ್ರಮಾಣವಾಗುತ್ತದೆ. ಅಲ್ಲಿ ಧೋತರದ ಹಿರಿಯರೊಬ್ಬರು, “ತೊಗರಿ ಧಾರಣೆಯಲ್ಲಿ ಭಾರಿ ಬದಲಾವಣೆ: ರೈತರು ತಿಳಿಯಲೇಬೇಕಾದ ಸಂಗತಿ!” ಎಂಬ ಶಿರೋನಾಮೆಯನ್ನು ನಂಬಿ, ಹೆಬ್ಬೆರಳಿನಿಂದ ಪುಟವನ್ನು ತಳ್ಳುತ್ತ ತಳ್ಳುತ್ತ, ತೊಗರಿಯು ದ್ವಿದಳ ಧಾನ್ಯವೆಂಬ ವಾರ್ತೆಯನ್ನೂ, ಬೇಳೆಯಲ್ಲಿ ಪ್ರೋಟೀನು ಹೇರಳವೆಂಬ ಸಾಂತ್ವನವನ್ನೂ, ಮೊಣಕಾಲು ನೋವಿನ ಎಣ್ಣೆಯ ಜಾಹೀರಾತನ್ನೂ ದಾಟಿ, “ಏನ್ರೀ ಮಾಸ್ತರ, ರೇಟ್ ಎಲ್ಲದ ಇದ್ರಾಗ?” ಎಂದು ನೆರೆಯವನನ್ನು ಕೇಳಿದರು. “ಇನ್ನಾ ಕೆಳಗ ಹೋಗ್ರಿ ಕಾಕಾ.” ಕೆಳಗೆ “ಇದನ್ನೂ ಓದಿ” ಎಂದಿತ್ತು.

1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ನ್ಯಾಯಸಭೆಯು ಕೈಗೆತ್ತಿಕೊಳ್ಳಬಾರದ ಫಿರ್ಯಾದುಗಳನ್ನು ಪಕ್ಷಾಭಾಸಗಳೆಂದು ಕರೆದು, ಅವುಗಳಿಗೆ ನಿದರ್ಶನಗಳನ್ನೂ ಇತ್ತಿರುವನು. ನನ್ನ ಮೊಲದ ಕೊಂಬನ್ನು ಒಯ್ದವನು ಹಿಂದಿರುಗಿಸಲಿಲ್ಲವೆಂಬುದು ಅಪ್ರಸಿದ್ಧ. ನಮ್ಮ ಮನೆಯ ದೀಪದ ಬೆಳಕಿನಲ್ಲಿ ಇವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆಂಬುದು ಯಾರಿಗೂ ಬಾಧೆಯಿಲ್ಲದ್ದು. ದೇವದತ್ತನು ನಮ್ಮ ಮನೆಯ ಬಳಿ ಇಂಪಾಗಿ ಪಠಿಸುತ್ತಾನೆಂಬುದು ನಿಷ್ಪ್ರಯೋಜನ. ಮೂಗನು ನನ್ನನ್ನು ಬೈದನೆಂಬುದು ವಿರುದ್ಧ. ಯಾರು ಯಾವ ಊರಿನಲ್ಲಿ ಕುಳಿತು ಇಂದಿನ ಜಾಲವಾರ್ತೆಗಳನ್ನು ಬರೆಯುತ್ತಾರೆಂಬುದನ್ನು ಸುಮಾರು ಒಂಬತ್ತು ಶತಮಾನ ಮೊದಲೇ ಕಂಡುಕೊಂಡವನಲ್ಲದೆ ಇಂಥ ವರ್ಗೀಕರಣವನ್ನು ಇನ್ನಾರು ಮಾಡಿಯಾರು! ಎಲ್ಲಿಯೂ ಇಲ್ಲದ ಯೋಜನೆಗೆ ಅರ್ಜಿ ಹಾಕಲು ಇಂದೇ ಕೊನೆಯ ದಿನವೆನ್ನುವುದು ಮೊಲದ ಕೊಂಬು. ನಟನು ನಾಯಿಯೊಡನೆ ವಿಹರಿಸಿದನೆನ್ನುವುದು ದೇವದತ್ತನ ಪಠನ. ‘ಕೊನೆಗೂ ಮೌನ ಮುರಿದ ನಟಿ’ ಎಂಬ ಶಿರೋನಾಮೆಯ ಅಡಿಯಲ್ಲಿ ಆಕೆ ಪ್ರತಿಕ್ರಿಯೆ ನೀಡಲು ನಿರಾಕರಿಸಿದಳೆಂದಿದ್ದರೆ, ಅದು ಮೂಗನ ಬೈಗಳವೇ ಸರಿ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುವನು: ಚಾಲುಕ್ಯರ ಶಾಸನಗಳೂ ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂದು ಬಿರುದುಗಳನ್ನು ಸಾಲುಸಾಲಾಗಿ ಹೊಗಳಿದ ಮೇಲಲ್ಲವೆ ದತ್ತಿಯ ವಿಷಯಕ್ಕೆ ಬರುವುದು? ಸತ್ಯ. ಆದರೆ ಬಂದ ಮೇಲೆ ಎಷ್ಟು ಮತ್ತರು ನೆಲ, ಮೂಡಲ ಎಲ್ಲೆ ಯಾವುದು, ತೆಂಕಲ ಎಲ್ಲೆ ಯಾವುದೆಂಬುದನ್ನು ಕಲ್ಲುಕುಟಿಗನು ಕೆತ್ತಿಯೇ ತೀರುತ್ತಾನೆ. ಹುಮನಾಬಾದ್ ತಾಲೂಕಿನ ಜಲಸಂಗಿಯ ಗುಡಿಯ ಶಿಲಾಬಾಲಿಕೆಯನ್ನು ನೋಡಿ: ವಿಕ್ರಮಾದಿತ್ಯನ ಸ್ತುತಿಯನ್ನು ಬರೆಯುವ ಭಂಗಿಯಲ್ಲಿ ನಿಂತ ಈ ಲೇಖಕಿ ತಾನು ಹೇಳುವುದನ್ನು ಒಂದೇ ಸಂಸ್ಕೃತ ಶ್ಲೋಕದಲ್ಲಿ ಮುಗಿಸಿರುವಳು. ಅದನ್ನು ಓದುವವನು ಬೇರೆ ಯಾವ ಕಂಬದ ಬಳಿಗೂ ಹೋಗಬೇಕಾಗಿಲ್ಲ.

ಸಿದ್ಧಾಂತವಾದರೋ ಯಾಜ್ಞವಲ್ಕ್ಯನಲ್ಲಿಯೇ ಇದೆ. ಅವನ ಮತದಲ್ಲಿ ಫಿರ್ಯಾದಿನ ಬರಹವು ವರ್ಷ, ಮಾಸ, ಪಕ್ಷ, ದಿನ, ಹೆಸರು ಮೊದಲಾದವುಗಳಿಂದ ಗುರುತಿಸಲ್ಪಟ್ಟಿರತಕ್ಕದ್ದು. ಧಾರಣೆಗೂ ಇದೇ ನಿಯಮ: ಯಾವ ಮಾರುಕಟ್ಟೆ, ಯಾವ ತಾರೀಖು, ಕ್ವಿಂಟಲಿಗೆ ಎಷ್ಟು ಎಂಬ ಮೂರೂ ಪ್ರಥಮ ವಾಕ್ಯದಲ್ಲಿಯೇ ಇರಬೇಕು, ಏಕೆಂದರೆ ತಾರೀಖಿಲ್ಲದ ಧಾರಣೆಯನ್ನು ನಂಬಿ ಚೀಲ ಹೇರಿಕೊಂಡು ಹೊರಟವನಿಗೆ ಅಡತ್ ಅಂಗಡಿಯ ಕಟ್ಟೆಯ ಮೇಲೆ, ಅದು ಹೋದ ವರ್ಷದ್ದೆಂದು ತಿಳಿಯುವುದು. ದ್ವಿದಳ ಧಾನ್ಯದ ಮಹಿಮೆಯು ಅನಂತರ ಬರಲಿ; ಓದುವವರು ಓದುವರು, ಬಸ್ಸು ಬಂದವರು ಹತ್ತುವರು.

ಕರ್ತೃವಿನ ಗುರುತಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವರೂ ಬಟ್ಟೆ ಒಗೆಯುವವರೂ ತಮ್ಮ ತಮ್ಮ ಅಂಕಿತದಿಂದ ವಚನಗಳನ್ನು ಹೇಳಿದರು. ಆ ಮಾತಿಗೆ ಹೊಣೆ ಯಾರೆಂಬುದು ಕೇಳಿದವರಿಗೆ ತಿಳಿಯುತ್ತಿತ್ತು. ಈಗಿನ ವಾರ್ತೆಗಳ ಅಂಕಿತವಾದರೋ ‘ವೆಬ್ ಡೆಸ್ಕ್’ ಎಂದಿರುವುದು. ರಾಶಿಯ ದೃಷ್ಟಿಯಿಂದ ಈ ಮಹನೀಯನನ್ನು ಮೀರಿಸಿದ ವಚನಕಾರನು ಕಲ್ಯಾಣದಲ್ಲಿ ಇರಲಿಲ್ಲ.

ಉಳಿದದ್ದು ಶಾಪಾಶಯ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಕ್ರಿಮಿಯಾಗಿ ಹುಟ್ಟುವನೆಂದು ಶಾಸನಗಳು ವಿಧಿಸುತ್ತವೆ. ಶಿರೋನಾಮೆಯಲ್ಲಿ ಕೊಡುವೆನೆಂದುದನ್ನು ಲೇಖನದಲ್ಲಿ ಕೊಡದವನಿಗೂ ಇದೇ ದಂಡವು ಅನ್ವಯಿಸತಕ್ಕದ್ದು. ತನಗೆ ಈ ಜನ್ಮವೇಕೆಂದು ಆ ಕ್ರಿಮಿಯು ಕೇಳಿದಲ್ಲಿ, “ಮುಂದೆ ಓದಿ” ಎಂದಷ್ಟೇ ಹೇಳತಕ್ಕದ್ದು.