ಒಂದ ಕಿಸೆ ಸಾಕೇನ್ರಿ?

ಖರೇ ಹೇಳ್ರಿ, ಕಾಪಿ ಮಾಡೋವಾಗ ಕಂಟ್ರೋಲ್ ಸಿ ಎಷ್ಟ ಸಲ ಒತ್ತತೀರಿ? ಒಂದಾ? ಸುಳ್ಳ ಹೇಳಬ್ಯಾಡ್ರಿ! ಮೂರು ಸಲ ಒತ್ತಿ, ನಾಕನೇದ್ದು ದೇವರ ಮ್ಯಾಲೆ ಭಾರ ಹಾಕಿ ಒತ್ತತೀರಿ. (ಕಂಪ್ಯೂಟರ್ ಕಿವುಡು ಅಂತ ನಿಮಗ ಯಾರ ಹೇಳಿದ್ರೋ!)

ಇಷ್ಟೆಲ್ಲಾ ಒತ್ತಿ ಏನ ಮಾಡ್ತೀರಿ? ನಡಕ ವಾಟ್ಸಾಪಿನಾಗಿಂದು ಇನ್ನೇನೋ ಕಾಪಿ ಮಾಡ್ತೀರಿ. ಮೊದಲನೇದ್ದು ಗೋತಾ! ಇರೋದು ಒಂದ ಕಿಸೆ ನೋಡ್ರಿ. 2018ರಾಗ ವಿಂಡೋಸ್ 10ಕ್ಕ ಹೊಸಾ ಸೌಲತ್ತು ಬಂತು, ವಿಂಡೋಸ್ ಕೀ ಜೊತಿ ವಿ ಒತ್ತಿದ್ರ ಹಿಂದಿನ 25 ಕಾಪಿ ತೋರಸ್ತೈತಿ. ಆನ್ ಮಾಡ್ಕೊಂಡೀರೇನು? ಇಲ್ಲ. ಗೊತ್ತಿತ್ತು.

ಕುಮಾರಪಟ್ಟಣದ ಮನ್ಯಾಗ ಕುಂತು ಬೆಂಗಳೂರಿನ ಕೆಲಸ ಮಾಡೋ ಪ್ರೋಗ್ರಾಮರ್ ಸಾಹೇಬ್ರ, ನಗಬ್ಯಾಡ್ರಿ. ನಿಮಗ ವಿಮ್ಮೇ ಬೇಕು. ಬ್ರಾಮ್ ಮೂಲೆನಾರ್ ಅನ್ನೋ ಡಚ್ ಮನುಷ್ಯಾ 1991ರಾಗ ಹೊರಗ ಬಿಟ್ಟ ಎಡಿಟರ್. ಅದ್ರಾಗ ಎ ಇಂದ ಝಡ್‌ತನಕ 26 ಕಿಸೆ, ಸೊನ್ನೆಯಿಂದ ಒಂಬತ್ತು ಬ್ಯಾರೆ. ನೀವು ಕೈ ಹಾಕೋದು? ಹೆಸರಿಲ್ಲದ ಅದೊಂದಕ್ಕ.

ಸ್ವಾದರಮಾವ ಲಗ್ನಪತ್ರಿಕಿ ಮ್ಯಾಟರ್ ತಿದ್ದಾಕ ಕೊಟ್ಟನಲ್ಲ, ಅವತ್ತೇನಾತು? ಬೀಗರ ಊರು ರಟ್ಟೀಹಳ್ಳಿ ಇದ್ದಲ್ಲೆ ಬ್ಯಾಡಗಿ ಆಗಬೇಕು. (ಒಂದ ಕಮಾಂಡಿನಾಗ ಎಲ್ಲಾ ಬದಲ ಆಗತಿತ್ತು ಅನಬ್ಯಾಡ್ರಿ, ಕಲ್ಯಾಣಮಂಟಪ ರಟ್ಟೀಹಳ್ಳಿದ ಐತಿ.) ಬ್ಯಾಡಗಿ ಮ್ಯಾಲೆ ವೈ ಒತ್ತಿ ಕಾಪಿ ಮಾಡಿದ್ರಿ. ರಟ್ಟೀಹಳ್ಳಿ ಸೆಲೆಕ್ಟ್ ಮಾಡಿ ಪಿ ಒತ್ತಿದ್ರಿ. ಬ್ಯಾಡಗಿ ಬಂತು, ಭೇಷ್!

ಕೆಳಗಿನ ರಟ್ಟೀಹಳ್ಳಿ ಮ್ಯಾಲೆ ಮತ್ತ ಪಿ. ರಟ್ಟೀಹಳ್ಳಿ ಹೋಗಿ ರಟ್ಟೀಹಳ್ಳಿನ ಕುಂತಿತು! ಹೊರಗ ಹಾಕಿದ್ದನ್ನ ವಿಮ್ ಅದ ಕಿಸೇದಾಗ ತುರುಕಿತ್ತು. (ತುಂಗಭದ್ರೆ ಈಚಿ ದಂಡಿ ನಮ್ಮೂರ ಫ್ಯಾಕ್ಟರಿಗೆ ಆಚಿ ದಂಡಿ ಹೆಸರು ಕುಂತೈತಲ್ಲ, ಹರಿಹರ ಪಾಲಿಫೈಬರ್ಸ್ ಅಂತ, ಅಲ್ಲೂ ಯಾರದೋ ಪಿ ತಪ್ಪಿತ್ತೇನೋ!) ನಿಮ್ಮ ಬ್ಯಾಡಗಿ ಸೊನ್ನೆ ಕಿಸೇದಾಗ ಆರಾಮ ಇತ್ತು. ಡಬಲ್ ಕೋಟ್, ಸೊನ್ನೆ, ಪಿ ಒತ್ತಿದ್ರ ಬರತಿತ್ತು. ನೀವು? ಮತ್ತ ಮ್ಯಾಲೆ ಹೋಗಿ ಮತ್ತ ವೈ.

ಮದ್ದು ಒಂದ ಸಾಲಿಂದು. ವಿಮ್‌ಆರ್‌ಸಿ ಫೈಲಿನಾಗ ಎಕ್ಸ್‌ನೋರಿಮ್ಯಾಪ್ ಅಂತ ಬರದು ಸಣ್ಣ ಪಿ, ಅದರ ಮುಂದ ದೊಡ್ಡ ಪಿ. 2022ರ ಈಚಿನ ವಿಮ್‌ನಾಗ ದೊಡ್ಡ ಪಿ ಹಳೇದನ್ನ ತಗದು ಹಾಕತೈತಿ, ಕಿಸೆ ಮುಟ್ಟೂದಿಲ್ಲ. ಅಳಿಸಿದ್ದು ಯಾವ ಕಿಸೇದಾಗೂ ಉಳೀಬಾರದು ಅಂದ್ರ ಡಬಲ್ ಕೋಟ್, ಅಂಡರ್‌ಸ್ಕೋರ್, ಡಿ. ಆ ಕಿಸೇದ ತಳಾನ ಹರದೈತಿ.

ಇನ್ನ ನಿಮ್ಮ ಸ್ವಂತ ಶಾರ್ಟ್‌ಕಟ್ಟಿಗೆ ಮೊದಲ ಒತ್ತೋ ಕೀ, ಲೀಡರ್ ಕೀ ಅಂತಾರ, ಅದನ್ನ ಸ್ಪೇಸ್‌ಬಾರಿಗೆ ಕಟ್ಟಿದ್ರಿ. (ನಮ್ಮ ಲೀಡರ್‌ಗೋಳಂಗಲ್ಲ, ಒತ್ತಿದ್ರ ಕೆಲಸ ಮಾಡತೈತಿ.) ಸ್ಪೇಸ್ ವೈ ಅಂದ್ರ ಹೊರಗಿನ ಕ್ಲಿಪ್‌ಬೋರ್ಡಿಗೆ ಕಾಪಿ, ಸ್ಪೇಸ್ ಪಿ ಅಂದ್ರ ಅಲ್ಲಿಂದ ಪೇಸ್ಟ್. ಇಷ್ಟಕ್ಕ ನಿಲ್ಲಿಸಿದ್ರೇನು? ಆಯ್ತವಾರ ಇಡೀ ದಿನ ಮ್ಯಾಪಿಂಗ್ ಬರದ್ರಿ. ಸೋಮವಾರ, ಯಾವ ಕೀಗೆ ಏನ ಕಟ್ಟೀನಿ ಅಂತ ನೋಡಾಕ ಅದ ಫೈಲ್ ತಗದ್ರಿ. ಲಗ್ನಪತ್ರಿಕಿ? ಅದು ಹಂಗ ಐತಿ.

ಕನ್ನಡದ್ದು ಇನ್ನೊಂದ ಮಜಾ. ನುಡಿ ಯುನಿಕೋಡಿನಾಗ ಟೈಪ್ ಮಾಡಿ, ಎಸ್ಕೇಪ್ ಒತ್ತಿ, ಇಂಗ್ಲಿಷಿಗೆ ಬದಲಿ ಮಾಡೋದು ಮರತು ಡಿ ಡಿ ಒತ್ತತೀರಿ. ಕೆ.ಪಿ. ರಾವ್ ಅವರ ವಿನ್ಯಾಸದಾಗ ಡಿ ಅಂದ್ರ ದ. 'ದದ' ಅಂದ್ರ ವಿಮ್‌ಗೇನು ತಿಳೀಬೇಕು? ಸುಮ್ನ ಕುಂದ್ರತೈತಿ. ನೋರಿಮ್ಯಾಪ್ ಅಂತ ಬರದು ದಕ್ಕ ಡಿ, ಯಕ್ಕ ವೈ, ಪಕ್ಕ ಪಿ, ಮೂರು ಸಾಲು ಹಾಕ್ರಿ. ವಿಮ್ಮೂ ಕನ್ನಡ ಕಲೀತೈತಿ.

ಇಷ್ಟೆಲ್ಲಾ ಕಟಗೊಂಡು, ಹೊಳಿ ದಾಟಿ ಹರಿಹರದ ಗೆಳ್ಯಾನ ಅಂಗಡ್ಯಾಗ ಅವನ ಕಂಪ್ಯೂಟರ್ ಮುಂದ ಕುಂತ್ರಿ. ಸ್ಪೇಸ್ ವೈ ಒತ್ತಿದ್ರ ಕರ್ಸರ್ ಒಂದ ಹೆಜ್ಜಿ ಸರೀತು, ಅಷ್ಟ. ಮತ್ತೊಮ್ಮೆ ಒತ್ತಿದ್ರಿ, ಜೋರಲೆ. 'ನಿನ್ನ ಕೀಬೋರ್ಡ್ ಸರಿ ಇಲ್ಲ ಬಿಡಲೇ' ಅಂದ್ರಿ. ಇಲ್ಲ ಅನಬ್ಯಾಡ್ರಿ, ಪಾಪ ಅಂವಾ ನಿಮ್ಮ ಮಾತ ನಂಬಿ ಹೊಸಾದು ತಂದಾನ.